ಬಾಗಿಲ ಪಕ್ಕದ ಕೂಸು

ಮೇಲಿನ ಸಭಾಂಗಣದಲ್ಲಿ ಹಾಡಿದರೆ ಕೆಳಗಿನ ಉದ್ದ ಕೋಣೆಗೆ ಕೇಳುವುದಿಲ್ಲ. ಕೆಳಗಿನ ಕೋಣೆಯಲ್ಲಿ ಕಿರುಚಿದರೆ ಮೇಲಕ್ಕೆ ಕೇಳುವುದಿಲ್ಲ. ಕಟ್ಟಿದವನು ಹಾಗೆಂದೇ ಕಟ್ಟಿದ್ದ. ನಡುವೆ ಎರಡು ಪದರ ಹಲಗೆ, ಹಲಗೆಗಳ ನಡುವೆ ಒಣಮರಳು. ಕೆಲಸ ಬಲ್ಲವನು.

ನೆಲವನ್ನೂ ಅಷ್ಟೇ ಅಚ್ಚುಕಟ್ಟಾಗಿ ಮಾಡಿದ್ದ. ಕಣ್ಣಿಗೆ ಕಾಣದಷ್ಟು ಇಳಿಜಾರು. ಎಲ್ಲಿ ನೀರು ಚೆಲ್ಲಿದರೂ ಮೆಲ್ಲಗೆ ಹರಿದು ನಡುವಿನ ಕಾಲುವೆ ಸೇರುತ್ತದೆ, ಅಲ್ಲಿಂದ ಗೋಡೆಯ ತೂತಿನಲ್ಲಿ ಹೊರಕ್ಕೆ. ಇವತ್ತಿಗೂ ಒಂದು ಹನಿ ನಿಲ್ಲುವುದಿಲ್ಲ. ಗೋಡೆಯಲ್ಲಿ ಕಬ್ಬಿಣದ ಬಳೆಗಳಿದ್ದವು. ಯಾವಾಗಲೋ ಅವನ್ನು ಗರಗಸದಿಂದ ಕೊಯ್ದಿದ್ದಾರೆ. ಮೊಂಡು ಬುಡಗಳು ಉಳಿದಿವೆ. ಬುಡದಿಂದ ಬುಡಕ್ಕೆ ಒಂದೇ ಅಂತರ. ಒಂದು ಮೈ ಕೂರಲು ಎಷ್ಟು ಅಗಲ ಬೇಕೋ ಅಷ್ಟು, ಅದಕ್ಕಿಂತ ಬೆರಳಗಲ ಹೆಚ್ಚಿಲ್ಲ. ಯಾರೋ ಒಬ್ಬ ಮನುಷ್ಯನನ್ನು ಗೋಡೆಗೆ ಕೂರಿಸಿ ಭುಜದಿಂದ ಭುಜಕ್ಕೆ ಅಳತೆಪಟ್ಟಿ ಹಿಡಿದಿರಬೇಕು. ಬಾಗಿಲ ಪಕ್ಕದ ಒಂದು ಬಳೆ ಮಾತ್ರ ಇಡಿಯಾಗಿ ಉಳಿದಿದೆ. ಬಾಗಿಲು ತೆರೆದಾಗ ಅದು ಕದದ ಹಿಂದೆ ಮರೆಯಾಗುತ್ತದೆ. ಕೊಯ್ಯುವವನ ಕಣ್ಣಿಗೆ ಬಿದ್ದಿಲ್ಲ.

ಹಿಡಿದು ತಂದವರನ್ನು, ಕೊಂಡು ತಂದವರನ್ನು ಕ್ವಾರಿಗೋ ಗಣಿಗೋ ಸಾಗಿಸುವ ತನಕ ಇಲ್ಲಿ ಕಟ್ಟಿ ಕೂರಿಸುತ್ತಿದ್ದರು. ಅವರು ಒಡೆದ ಕಲ್ಲಿನಿಂದಲೇ ಪೇಟೆಯ ನ್ಯಾಯಾಲಯ ಎದ್ದಿತು, ಶಾಲೆ ಎದ್ದಿತು, ಸೇತುವೆ ಎದ್ದಿತು. ಮೇಲೆ ಸಂಗೀತ, ಭಾಷಣ, ಬಹುಮಾನ. ಕೆಳಗಿನದನ್ನು ಪೇಟೆಯವರು ಉಗ್ರಾಣ ಎಂದು ಕರೆದರು. ಈಗಲೂ ಅದೇ ಹೆಸರು. ಸುಳ್ಳೇನಲ್ಲ.

ಬಳೆಗೆ ಕಟ್ಟಿಸಿಕೊಂಡವರು ತಲೆ ಒರಗಿಸಿದ ಕಡೆಯಲ್ಲೆಲ್ಲ ಕಲೆ ಇದೆ. ವರ್ಷವರ್ಷವೂ ಸುಣ್ಣ ಬಳಿಯುತ್ತಾರೆ. ವರ್ಷವರ್ಷವೂ ಗಾಳಿಯಲ್ಲಿ ತೇವ ಏರಿದ ಕೂಡಲೇ ಕಲೆ ಮೇಲಕ್ಕೆ ಬರುತ್ತದೆ. ಮೊದಲು ನೆರಳಿನಂತೆ, ಆಮೇಲೆ ಹಳದಿ, ಆಮೇಲೆ ಕಂದು. ಗೋಡೆಯುದ್ದಕ್ಕೂ ಒಂದೇ ಎತ್ತರದಲ್ಲಿ ತಲೆಗಳ ಸಾಲು.

ಆ ತಲೆಗಳನ್ನು ಅಳಿಸುವುದು ಬಿಳಿಯಕ್ಕನ ಕೆಲಸ. ಅವಳು ಇದ್ದಿಲಿನಷ್ಟು ಕಪ್ಪು. ಆ ಹೆಸರಿಟ್ಟು ತಮಾಷೆ ಮಾಡಿದವರು ಸತ್ತು ಮಣ್ಣಾದರು, ಹೆಸರು ಉಳಿಯಿತು. ಅವಳ ಅವ್ವ ಇದೇ ಗೋಡೆಗೆ ಸುಣ್ಣ ಬಳಿದವಳು. ಅವ್ವನ ಅವ್ವನೂ ಅಷ್ಟೇ. ಇವರೆಲ್ಲ ಆ ಗೋಡೆಗೆ ಕೂತವರ ಕುಲದವರು. ಬಳೆಗಳನ್ನು ಕೊಯ್ದ ಮೇಲೆ ಹೋಗಲು ಜಾಗವಿಲ್ಲದವರನ್ನು ಸಭಾಂಗಣದ ಹಿಂದಿನ ಸಾಲುಮನೆಗಳಲ್ಲಿ ಇರಿಸಿ ಕೈಗೆ ಕುಂಚ ಕೊಟ್ಟರು. ಮನೆ ಸಭಾಂಗಣದ್ದು. ಸುಣ್ಣ ಬಳಿಯುವಷ್ಟು ಕಾಲ ಇರಬಹುದು. ಮುಂಬಾಗಿಲಲ್ಲಿ ಬರುವಂತಿಲ್ಲ. ಅತಿಥಿಗಳು ಬಂದಾಗ ಕಣ್ಣಿಗೆ ಬೀಳುವಂತಿಲ್ಲ.

ಕೆಲಸಕ್ಕೊಂದು ಪದ್ಧತಿ ಇತ್ತು. ಕುಂಚ ಮುಟ್ಟಿಸುವ ಮೊದಲು ಪ್ರತಿ ಕಲೆಗೂ ಬರಿಯ ಅಂಗೈಯಲ್ಲಿ ಸುಣ್ಣ ಸವರಬೇಕು. ಸವರುವಾಗ ಸಂಬಂಧ ಹೇಳಿ ಮಾತಾಡಿಸಬೇಕು. ದೊಡ್ಡಪ್ಪ, ಸ್ವಲ್ಪ ಕಣ್ಣು ಮುಚ್ಚು. ಅತ್ತೆ, ತಣ್ಣಗಿದೆಯಾ. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಸುಣ್ಣ ಕೈ ತಿನ್ನುತ್ತದೆ, ಉಗುರಿನ ಬುಡ ಸೀಳುತ್ತದೆ. ಆದರೂ ಯಾರೂ ಬಿಟ್ಟಿರಲಿಲ್ಲ. ನಗುವವರೂ ಇದ್ದರು. ಗುಂಪಿನಲ್ಲಿ ಬಾಯಿಬಡುಕಿ ಎಂದೇ ಹೆಸರಾದವಳೊಬ್ಬಳು, "ಈ ಮಾವ ಹೋದ ವರ್ಷಕ್ಕಿಂತ ದಪ್ಪ ಆಗಿದಾರೆ ನೋಡ್ರೇ. ಗೋಡೆ ಒಳಗೆ ಊಟ ಚೆನ್ನಾಗಿ ಹಾಕ್ತಾರೆ ಅನ್ಸತ್ತೆ" ಎನ್ನುತ್ತಿದ್ದಳು.

ಕೊನೆಯ ಕಲೆ ಬಾಗಿಲ ಪಕ್ಕದ್ದು. ಉಳಿದವುಗಳಿಗಿಂತ ತುಂಬ ತಗ್ಗಿನಲ್ಲಿ. ಸಣ್ಣದು. ಅದನ್ನು ಎಲ್ಲರೂ ಕೂಸು ಎನ್ನುತ್ತಿದ್ದರು. ಅಲ್ಲಿಗೆ ಬಂದಾಗ ಬಾಯಿಬಡುಕಿಯೂ ಸುಮ್ಮನಾಗುತ್ತಿದ್ದಳು. ಎಂದೋ ಒಂದು ಕಾಲದಲ್ಲಿ ಯಾರೋ ಒಂದು ಹಸುಗೂಸನ್ನು ಅಲ್ಲಿ ಕಟ್ಟಿದ್ದರು, ಅದು ಅಲ್ಲೇ ಕೂತು ಅತ್ತಿತ್ತು, ಅದನ್ನು ನೆನೆದು ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಬಿಳಿಯಕ್ಕ ಪ್ರತಿ ವರ್ಷ ಅತ್ತಿದ್ದಾಳೆ.

ಈ ವರ್ಷ ಕೆಲಸ ಬೇರೆ. ಉಗ್ರಾಣ ವಸ್ತುಪ್ರದರ್ಶನದ ಕೋಣೆಯಾಗುತ್ತಿತ್ತು. 'ನಾಗರಿಕತೆ ನಡೆದು ಬಂದ ದಾರಿ' ಎಂದು ಹಿತ್ತಾಳೆಯ ಅಕ್ಷರದ ಫಲಕ ಆಗಲೇ ಬಂದಿತ್ತು. ಗಾಜಿನ ಪೆಟ್ಟಿಗೆಗಳೂ ಬಂದಿದ್ದವು. ಹಳೆಯ ತಕ್ಕಡಿ, ದೂರದರ್ಶಕ, ತಂತಿವಾದ್ಯ, ಬೆಳ್ಳಿ ಬಟ್ಟಲು. ಗೋಡೆಗೆ ಇನ್ನು ಸುಣ್ಣವಿಲ್ಲ, ಹೊಸ ಪೇಂಟ್. ಅದು ಹಿಡಿಯಬೇಕಾದರೆ ಹಳೆಯ ಸುಣ್ಣವನ್ನೆಲ್ಲ ಕಲ್ಲಿನ ತನಕ ಕೆರೆದು ತೆಗೆಯಬೇಕು.

ನಿರ್ದೇಶಕರು ತಾವೇ ಇಳಿದು ಬಂದು ವಿವರಿಸಿದರು. ಮೆತ್ತಗೆ ಮಾತಾಡುವ ಮನುಷ್ಯ. ಕೂಲಿಯವರನ್ನೂ ಬಹುವಚನದಲ್ಲಿ ಕರೆಯುವವರು.

"ಇದು ಉಪ್ಪು ಅಮ್ಮ. ಬೆವರಿನ ಉಪ್ಪು, ತಲೆಯ ಜಿಡ್ಡು, ಎಲ್ಲ ಕಲ್ಲಿನೊಳಗೆ ಇಳಿದಿರುತ್ತೆ. ಸುಣ್ಣ ಉಸಿರಾಡುತ್ತೆ ನೋಡಿ, ತೇವದ ಜೊತೆ ಅದನ್ನ ಹೊರಗೆ ಬಿಡುತ್ತೆ. ಈ ಪೇಂಟ್ ಉಸಿರಾಡಲ್ಲ. ಒಂದು ಸಲ ಬಳಿದರೆ ಮುಗೀತು. ಇನ್ಯಾವತ್ತೂ ಬರಲ್ಲ."

"ಉಪ್ಪು ಎಲ್ಲಿಗೆ ಹೋಗತ್ತೆ ಸಾರ್?" ಎಂದಳು ಬಿಳಿಯಕ್ಕ.

"ಎಲ್ಲಿಗೂ ಹೋಗಲ್ಲ. ಒಳಗೇ ಇರುತ್ತೆ."

ಮೇಸ್ತ್ರಿ ನಕ್ಕ. ಅವನು ಬಿಳಿಯಕ್ಕನ ಮೈದುನ, ಸತ್ತ ಗಂಡನ ತಮ್ಮ. ಸಾಲುಮನೆಯಿಂದ ಮೇಲೆ ಬಂದವನು ಅವನೊಬ್ಬನೇ. ಬಂದು ಮುಟ್ಟಿದ್ದು ಮೇಸ್ತ್ರಿಯ ಸೀಟಿಯವರೆಗೆ.

ಹೆಂಗಸರು ಕೆರೆಯತೊಡಗಿದರು. ಕಬ್ಬಿಣದ ಪಟ್ಟಿ ಹಿಡಿದು, ಮೂಗಿಗೆ ಬಟ್ಟೆ ಕಟ್ಟಿ, ಬೆಳಗಿನಿಂದ ಸಂಜೆಯ ತನಕ. ಭುಜ ಬಿದ್ದುಹೋಗುತ್ತಿತ್ತು. ಪುಡಿ ಕಣ್ಣಿಗೆ ಹೋಗಿ ಕಣ್ಣು ಉರಿಯುತ್ತಿತ್ತು. ಗೋಡೆ ಕೆರೆಯುವ ಸದ್ದು ಕೋಣೆಯ ಆ ತುದಿಗೆ ಹೋಗಿ ವಾಪಸು ಬರುತ್ತಿತ್ತು, ಆಚೆಯಿಂದಲೂ ಯಾರೋ ಕೆರೆಯುತ್ತಿರುವಂತೆ. ಒಮ್ಮೆ ಎಲ್ಲರೂ ಕೈ ನಿಲ್ಲಿಸಿದರು. ಸದ್ದು ನಿಲ್ಲಲು ಸ್ವಲ್ಪ ತಡವಾಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಬಿಳಿಯಕ್ಕನ ಮಗಳೂ ಕೆಲಸಕ್ಕೆ ಬರುತ್ತಿದ್ದಳು, ಜೊತೆಗೆ ಅವಳ ಮಗು. ಈಗಷ್ಟೇ ಹೆಜ್ಜೆ ಇಡಲು ಕಲಿತ ಮೊಮ್ಮಗಳು. ಮನೆಯಲ್ಲಿ ಬಿಡೋಣವೆಂದರೆ ಬಿಳಿಯಕ್ಕನ ಅವ್ವನಿಗೆ ಕಣ್ಣಿಲ್ಲ, ಸುಣ್ಣ ಅರಳಿಸುವಾಗ ಸಿಡಿದು ಹೋದ ಕಣ್ಣು. ಅಂಗಳದಲ್ಲಿ ಬಿಟ್ಟರೆ ಕಾವಲುಗಾರ ಬೈಯುತ್ತಾನೆ. ಕೋಣೆಯಲ್ಲಿ ಬಿಟ್ಟರೆ ತೆವಳಿ ಕೆರೆದ ಸುಣ್ಣ ತುಂಬುವ ತೊಟ್ಟಿಗೆ ಕೈ ಹಾಕುತ್ತದೆ. ಹಾಗಾಗಿ ಮಗಳು ಅದರ ಸೊಂಟಕ್ಕೆ ಹಳೆಯ ಸೀರೆಯ ಅಂಚು ಸುತ್ತಿ, ಇನ್ನೊಂದು ತುದಿಯನ್ನು ಬಾಗಿಲ ಪಕ್ಕದ ಬಳೆಗೆ ಕಟ್ಟುತ್ತಿದ್ದಳು. ಅವಳು ಮಗುವಾಗಿದ್ದಾಗ ಅವಳನ್ನು ಬಿಳಿಯಕ್ಕ ಅಲ್ಲೇ ಕಟ್ಟಿದ್ದಳು, ಬಿಳಿಯಕ್ಕನನ್ನು ಅವ್ವ. ಅದೊಂದು ಅನುಕೂಲ ಅಷ್ಟೇ. ಬಳೆ ಇತ್ತು, ಕಟ್ಟುತ್ತಿದ್ದರು. ಮಗು ಒಂದಷ್ಟು ಅತ್ತು, ಸುಸ್ತಾಗಿ, ಗೋಡೆಗೆ ತಲೆ ಒರಗಿಸಿ ನಿದ್ದೆ ಹೋಗುತ್ತಿತ್ತು.

ಕೊನೆಯ ದಿನ ಬಿಳಿಯಕ್ಕ ಕೂಸಿನ ಕಲೆಗೆ ಬಂದಳು. ಮೊಮ್ಮಗಳು ಅಲ್ಲೇ ಮಲಗಿತ್ತು. ಎಂದಿನಂತೆ ಗಂಟು ಬಿಚ್ಚಿ, ಮಗುವನ್ನು ಎತ್ತಿ ಪಕ್ಕದಲ್ಲಿ ಚೀಲದ ಮೇಲೆ ಮಲಗಿಸಿದಳು. ಅಂಗೈಯನ್ನು ಗೋಡೆಗೆ ಒತ್ತಿದಳು.

"ಕೂಸೇ, ಹೆದರ್ಬೇಡ. ಕೆರೀತೀನಿ."

ಗೋಡೆ ಬೆಚ್ಚಗಿತ್ತು.

ಅವಳು ಕೈ ಹಿಂದೆಳೆದುಕೊಂಡಳು. ಬೇರೆಲ್ಲ ತಲೆಗಳೂ ತಣ್ಣಗಿದ್ದವು. ಇದು ಮಾತ್ರ ಬೆಚ್ಚಗೆ, ಈಗಷ್ಟೇ ಯಾರೋ ಎದ್ದು ಹೋದಂತೆ. ಆದರೂ ಪಟ್ಟಿ ಹಿಡಿದು ಕೆರೆದಳು. ಸುಣ್ಣ ಚಕ್ಕೆಚಕ್ಕೆಯಾಗಿ ಎದ್ದು ಬಂತು. ಬೇರೆ ಕಡೆ ಕಲೆ ಕಲ್ಲಿನಿಂದ ಹೊರಟು, ಮೇಲಿನ ಪದರಕ್ಕೆ ಬರುವಷ್ಟರಲ್ಲಿ ತೆಳುವಾಗುತ್ತಿತ್ತು. ಇಲ್ಲಿ ಹಾಗಿರಲಿಲ್ಲ. ಮೇಲಿನ ಪದರದಲ್ಲೇ ಕಡುಕಂದು. ಅದರ ಕೆಳಗಿನ ಪದರದಲ್ಲೂ. ಅದರ ಕೆಳಗೂ. ಕೆಲವು ಪದರ ಬೆಳ್ಳಗೆ, ಮತ್ತೆ ಕಂದು. ಪ್ರತಿಸಲವೂ ಹೊಸದು. ಒಂದು ಕೂಸಲ್ಲ. ಕೂಸಿನ ಮೇಲೆ ಕೂಸು, ಕೂಸಿನ ಮೇಲೆ ಕೂಸು.

ಅವಳು ತಿರುಗಿ ಚೀಲದ ಮೇಲಿನ ಮೊಮ್ಮಗಳನ್ನು ನೋಡಿದಳು. ಅದರ ತಲೆಯ ಹಿಂಭಾಗದಲ್ಲಿ ಕೂದಲು ಉಜ್ಜಿ ಸವೆದಿತ್ತು. ಅಲ್ಲಿಗೆ ಸುಣ್ಣದ ಪುಡಿ ಮೆತ್ತಿಕೊಂಡು, ಪುಟ್ಟ ಬಿಳಿಯ ಗುಂಡು ಗುರುತು. ಗೋಡೆಯ ಕಲೆಯಷ್ಟೇ ಅಗಲ.

ಇಷ್ಟು ವರ್ಷ ಅವಳು ಮಾಡಿದ್ದೇನು? ಕಟ್ಟಿದ ಮಗುವನ್ನು ಬಿಚ್ಚಿ ಪಕ್ಕಕ್ಕಿಟ್ಟು, ಎಂದೋ ಕಟ್ಟಿದ್ದ ಮಗುವಿಗಾಗಿ ಅತ್ತು, ಕಣ್ಣೊರೆಸಿಕೊಂಡು, ಮಗುವನ್ನು ಮತ್ತೆ ಅದೇ ಬಳೆಗೆ ಕಟ್ಟಿದ್ದಳು.

ಅವಳು ಕುಕ್ಕರಿಸಿ ಕೂತಳು. ಬಾಯಲ್ಲಿ ಸುಣ್ಣದ ರುಚಿ.

ಸಂಜೆ ನಿರ್ದೇಶಕರು ಬಂದಾಗ ಅವಳು ಚಕ್ಕೆಗಳನ್ನು ಅವರ ಮುಂದೆ ಹಿಡಿದಳು. ಅವರು ಕನ್ನಡಕ ಏರಿಸಿ ನೋಡಿದರು. ಮುಖ ಅರಳಿತು.

"ಇದು ಅದ್ಭುತವಾಗಿದೆ ಅಮ್ಮ. ಬಂಧನದಲ್ಲಿದ್ದ ಮಗುವಿನ ಗುರುತು. ಇದೊಂದನ್ನ ಹಾಗೇ ಬಿಡೋಣ. ಗಾಜು ಹಾಕಿ, ಕೆಳಗೊಂದು ಸಣ್ಣ ದೀಪ. ಜನ ನಿಂತು ನೋಡ್ತಾರೆ. ಕಣ್ಣಲ್ಲಿ ನೀರು ಬರತ್ತೆ."

"ಹಳೇದಲ್ಲ ಸಾರ್. ಇದು ನನ್ನ ತಲೆ. ಇದು ನನ್ನ ಮಗಳದು. ಇದು..." ಅವಳು ಮೊಮ್ಮಗಳ ಕಡೆ ಕೈ ತೋರಿಸಿದಳು. "ಇದು ಇವತ್ತಿಂದು."

ನಿರ್ದೇಶಕರು ಮಗುವನ್ನು ನೋಡಿದರು. ಬಳೆಯನ್ನು ನೋಡಿದರು. ಬಳೆಯಿಂದ ನೇತಾಡುತ್ತಿದ್ದ ಸೀರೆಯ ಅಂಚನ್ನು ನೋಡಿದರು. ಕನ್ನಡಕ ತೆಗೆದು ಒರೆಸಿದರು.

"ಹಾಗಾದ್ರೆ ಕಷ್ಟ" ಎಂದರು. ದನಿಯಲ್ಲಿ ನಿಜವಾದ ಬೇಸರವಿತ್ತು. "ಹಳೇದಾಗಿದ್ರೆ ಇತಿಹಾಸ ಅಮ್ಮ. ಮೊನ್ನೆಯದಾದ್ರೆ ಬರೀ ಕೊಳೆ. ಕೊಳೆಗೆ ಗಾಜು ಹಾಕೋಕಾಗಲ್ಲ. ಬಳಿದುಬಿಡಿ. ನಾಳೆ ಮಧ್ಯಾಹ್ನ ದೊಡ್ಡವರು ನೋಡೋಕೆ ಬರ್ತಾರೆ. ಪೇಂಟ್ ಬೇಗ ಒಣಗತ್ತೆ." ಹೋಗುವಾಗ ಮೇಸ್ತ್ರಿಯ ಕಿವಿಯಲ್ಲಿ, "ಆ ಬಳೆ ಕೊಯ್ಸಿ. ನೋಡೋಕೆ ಚೆನ್ನಾಗಿಲ್ಲ" ಎಂದರು.

"ಬಳೆ ಕೊಯ್ದರೆ ಮಗೂನ ಎಲ್ಲಿ ಬಿಡೋದು ಸಾರ್?" ಎಂದಳು ಮಗಳು. ಅವರಿಗೆ ಕೇಳಿಸಲಿಲ್ಲ, ಆಗಲೇ ಮೆಟ್ಟಿಲು ಹತ್ತುತ್ತಿದ್ದರು.

ಮನೆಯಲ್ಲಿ ಅವ್ವ ಒಲೆಯ ಪಕ್ಕ ಕೂತಿದ್ದಳು. ಬಿಳಿಯಕ್ಕ ಒಂದು ಚಕ್ಕೆಯನ್ನು ಅವಳ ಕೈಗೆ ಇಟ್ಟಳು. ಅವ್ವ ಅದನ್ನು ಬೆರಳಲ್ಲಿ ಸವರಿದಳು, ಮೂಗಿಗೆ ಹಿಡಿದಳು.

"ಕೂಸಿನ ಜಾಗದ್ದು."

"ಗೊತ್ತಿತ್ತಾ ನಿನಗೆ?"

"ಏನು?"

"ಅದು ನಾವೇ ಅಂತ."

ಒಲೆಯ ಮೇಲೆ ನೀರು ಕುದಿಯಿತು.

"ಗೊತ್ತಿತ್ತು. ನೀನು ಮಗು ಇದ್ದಾಗ ನಿನ್ನ ತಲೆ ಹಿಂದಿನ ಕೂದಲು ಸವೆದುಹೋಯ್ತಲ್ಲ, ಆಗ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ? ನಾನು ನನ್ನ ಮಗಳನ್ನ ಅಲ್ಲೇ ಕಟ್ಟಿದೆ."

"ಹೇಳಿದ್ರೆ ಎಲ್ಲಿ ಕಟ್ತಿದ್ದೆ?"

ಅವ್ವ ಕಣ್ಣಿಲ್ಲದ ಮುಖವನ್ನು ಅವಳತ್ತ ತಿರುಗಿಸಿದಳು. "ಆ ಕೂಸಿಗೆ ಅಂತ ಅಳೋದು ಸುಲಭ ಕಣೇ. ಅದು ಸತ್ತು ಯಾವ ಕಾಲ ಆಯ್ತೋ. ನಿನಗಾಗಿ ಅತ್ತಿದ್ರೆ ಕೈ ನಿಂತುಹೋಗ್ತಿತ್ತು. ಕೈ ನಿಂತರೆ ಈ ಮನೆ ಇರ್ತಿರ್ಲಿಲ್ಲ."

"ನಾಳೆ ಬಳಿದರೆ ಇನ್ಯಾವತ್ತೂ ಮೇಲಕ್ಕೆ ಬರಲ್ವಂತೆ. ಒಳಗೇ ಇರುತ್ತಂತೆ."

"ಯಾರು ಅಂದಿದ್ದು?"

"ಸಾಹೇಬ್ರು."

ಅವ್ವ ಚಕ್ಕೆಯನ್ನು ಕೆಳಗಿಡದೆ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. "ನಾಳೆ ನನ್ನನ್ನೂ ಕರ್ಕೊಂಡು ಹೋಗು" ಎಂದಳು.

ಬೆಳಿಗ್ಗೆ ಪೇಂಟಿನ ಡಬ್ಬಿಗಳು ತೆರೆದಿದ್ದವು. ಮೂಗಿಗೆ ಹೊಡೆಯುವ ವಾಸನೆ. ಗೋಡೆ ಬರಿಗಲ್ಲು. ಸುಣ್ಣವಿಲ್ಲದ ಗೋಡೆಯಲ್ಲಿ ತಲೆಗಳು ಎಂದೂ ಇಲ್ಲದಷ್ಟು ಕಪ್ಪಾಗಿ ಕಂಡವು. ಹೆಂಗಸರು ಸಾಲಾಗಿ ನಿಂತಿದ್ದರು, ಕೈಯಲ್ಲಿ ಉರುಳುಕುಂಚ. ಬಿಳಿಯಕ್ಕ ಅವ್ವನ ಕೈ ಹಿಡಿದು ಒಳಗೆ ಬಂದಳು. ಹಿಂದೆ ಮಗಳು, ಕಂಕುಳಲ್ಲಿ ಮಗು. ಮಗಳು ಬಾಗಿಲ ಪಕ್ಕಕ್ಕೆ ಹೋಗಿ, ರೂಢಿಯ ಕೈಯಿಂದ ಸೀರೆಯ ಅಂಚನ್ನು ಬಳೆಗೆ ಕಟ್ಟತೊಡಗಿದಳು.

"ಬೇಡ" ಎಂದಳು ಬಿಳಿಯಕ್ಕ.

"ತೊಟ್ಟಿಗೆ ಹೋಗತ್ತಮ್ಮ."

"ತೊಟ್ಟಿ ಮುಚ್ಚು. ಡಬ್ಬಿಗಳನ್ನೂ ಮುಚ್ಚು. ಇವತ್ತು ಯಾರೂ ಬಳಿಯಲ್ಲ."

ಮೇಸ್ತ್ರಿ ಬಾಯಿಂದ ಸೀಟಿ ತೆಗೆದ. "ಅತ್ತಿಗೆ, ತಲೆ ಗಿಲೆ ಕೆಟ್ಟಿದೆಯಾ? ಮೇಲೆ ದೊಡ್ಡವರು ಬಂದು ಕೂತಾಯ್ತು. ಸಂಗೀತ ಶುರುವಾಗಿದೆ. ಅದು ಮುಗಿದ ತಕ್ಷಣ ಇಳಿದು ಬರ್ತಾರೆ."

"ಬರಲಿ."

"ಮನೆ ಬಿಡಿಸ್ತಾರೆ. ಒಬ್ಬಳದಲ್ಲ, ಇಡೀ ಸಾಲು."

ಹೆಂಗಸರು ಅಲುಗಾಡಿದರು. ಅದು ಸುಳ್ಳಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಬಾಯಿಬಡುಕಿ, "ಹೋಗಲಿ ಬಿಡೇ ಬಿಳಿಯಕ್ಕ. ಕಲೆ ತಾನೆ" ಎಂದಳು, ದನಿ ಎತ್ತದೆ.

ಬಿಳಿಯಕ್ಕ ಅವಳ ಕೈ ಹಿಡಿದು ಬಾಗಿಲ ಪಕ್ಕಕ್ಕೆ ಎಳೆದುಕೊಂಡು ಹೋದಳು. ಮಗಳ ಕಂಕುಳಿಂದ ಮಗುವನ್ನು ತೆಗೆದು ಗೋಡೆಗೆ ಕೂರಿಸಿದಳು. ಮಗು ಎಂದಿನಂತೆ ತಲೆ ಒರಗಿಸಿತು. ಕಲೆ ಕಾಣದಾಯಿತು. ಪೂರ್ತಿ ಮುಚ್ಚಿಹೋಯಿತು.

"ಈಗ ಹೇಳು, ಕಲೆ ತಾನೆ."

ಬಾಯಿಬಡುಕಿ ನೋಡಿದಳು. ಅವಳ ಕೈ ತಾನಾಗಿ ತನ್ನ ತಲೆಯ ಹಿಂಭಾಗಕ್ಕೆ ಹೋಯಿತು. ಸಾಲಿನಲ್ಲಿ ಇನ್ನೊಬ್ಬಳ ಕೈ ಹೋಯಿತು. ಮತ್ತೊಬ್ಬಳದು.

ಮೇಸ್ತ್ರಿ ಉರುಳುಕುಂಚ ಕಿತ್ತುಕೊಂಡ. "ನಿಮ್ಮ ಕೈಲಿ ಆಗದಿದ್ರೆ ನಾನೇ ಬಳೀತೀನಿ." ಡಬ್ಬಿಯಲ್ಲಿ ಅದ್ದಿ, ಗೋಡೆಯ ಆ ತುದಿಯಿಂದ ಶುರು ಮಾಡಿದ. ಒಂದು ತಲೆ ಹೋಯಿತು. ಇನ್ನೊಂದು ಹೋಯಿತು. ಅಂಗೈ ಸವರಲಿಲ್ಲ, ಮಾತಾಡಿಸಲಿಲ್ಲ. ಪೇಂಟ್ ಬಿದ್ದಲ್ಲಿ ಹಲ್ಲಿನಂಥ ಬಿಳುಪು. ಹೆಂಗಸರು ನೋಡುತ್ತ ನಿಂತರು. ಅವ್ವ ಸದ್ದು ಕೇಳುತ್ತ ನಿಂತಳು. ಆಮೇಲೆ ಗೋಡೆ ತಡವಿಕೊಂಡು ನಡೆದು, ಅವನು ಬಳಿಯಬೇಕಿದ್ದ ಮುಂದಿನ ತಲೆಯ ಕೆಳಗೆ ಕೂತುಬಿಟ್ಟಳು. ಬೆನ್ನು ಗೋಡೆಗೆ. ತಲೆ ಕಲೆಗೆ.

"ಎದ್ದೇಳಜ್ಜಿ."

"ಬಳಿಯಪ್ಪ" ಎಂದಳು ಅವ್ವ. "ಕಣ್ಣು ಮುಚ್ಚಿಕೊಂಡೇ ಇದೀನಿ."

ಅವನು ಅವಳನ್ನು ಬಿಟ್ಟು ಅದರಾಚೆಯದಕ್ಕೆ ಹೋದ. ಅಲ್ಲಿ ಬಾಯಿಬಡುಕಿ ಕೂತಳು. ಅವಳ ಪಕ್ಕದಲ್ಲಿ ಇನ್ನೊಬ್ಬಳು. ಒಬ್ಬೊಬ್ಬರಾಗಿ ಕೂತರು. ಭುಜಕ್ಕೆ ಭುಜ ತಾಗಿತು. ಅಳೆದಿಟ್ಟಂತೆ ಸರಿಹೋಯಿತು. ಅಷ್ಟು ಸರಿಯಾಗಿ ಕೂತದ್ದು ಅರಿವಾಗಿ ಒಬ್ಬಳು ಏಳಲು ಹೋದಳು, ಪಕ್ಕದವಳು ಕೈ ಹಿಡಿದಳು.

ಮೇಸ್ತ್ರಿ ಓಡುವವನಂತೆ ಬಾಗಿಲ ಪಕ್ಕಕ್ಕೆ ಬಂದ. ಅಲ್ಲಿ ಮಗು ಕೂತಿತ್ತು. ಅವನು ಬಗ್ಗಿ ಅದನ್ನು ಎತ್ತಲು ಕೈ ಚಾಚಿದ. ಮಗು ಅವನ ಬೆರಳು ಹಿಡಿದುಕೊಂಡಿತು.

"ನಾನು ನಿಮ್ಮ ಮನೆಗೆ ಸೊಸೆಯಾಗಿ ಬಂದಾಗ ನೀನು ಇಷ್ಟೇ ಇದ್ದೆ" ಎಂದಳು ಬಿಳಿಯಕ್ಕ. "ನಿಮ್ಮಮ್ಮ ಮೇಲೆ ಗೋಡೆ ಬಳೀತಿದ್ರು. ನೀನು ಅಳ್ತಿದ್ದೆ. ನಿನ್ನನ್ನ ಇಲ್ಲಿ ಕಟ್ಟಿದ್ದು ನಾನೇ. ಗಂಟು ಬಿಗಿಯಾಗಿತ್ತು. ಸೊಂಟದಲ್ಲಿ ಗುರುತಿರಬೇಕು, ನೋಡ್ಕೋ."

ಅವನ ಕೈಯಿಂದ ಪೇಂಟ್ ತೊಟ್ಟಿಕ್ಕಿತು. ನೆಲ ಇಳಿಜಾರು. ಬಿಳಿಯ ಹನಿಗಳು ಮೆಲ್ಲಗೆ ಕಾಲುವೆಯ ಕಡೆ ಹೊರಟವು. ಅವನು ಅವನ್ನೇ ನೋಡುತ್ತ ನಿಂತ. ಆಮೇಲೆ ಬೆರಳನ್ನು ಬಿಡಿಸಿಕೊಂಡು, ಕುಂಚವನ್ನು ಡಬ್ಬಿಗೆ ಹಾಕಿ, ಹಿಂಬಾಗಿಲಿನಿಂದ ಹೊರಟುಹೋದ. ಅವನು ಕೂರಲಿಲ್ಲ. ಬಳಿಯಲೂ ಇಲ್ಲ.

ಬಿಳಿಯಕ್ಕ ಬಳೆಯಲ್ಲಿ ನೇತಾಡುತ್ತಿದ್ದ ಸೀರೆಯ ಅಂಚಿನ ಗಂಟಿಗೆ ಕೈ ಹಾಕಿದಳು. ಮಗಳು ಅರ್ಧ ಕಟ್ಟಿದ್ದಳಷ್ಟೇ. ಆದರೂ ಸುಣ್ಣ ತಿಂದ ಬೆರಳಿಗೆ ಸುಲಭಕ್ಕೆ ಸಿಗಲಿಲ್ಲ. ಹಲ್ಲಿನಿಂದ ಬಿಚ್ಚಿದಳು. ಅಂಚನ್ನು ಮಗಳ ಕೈಗೆ ಕೊಡದೆ ಕಾಲುವೆಗೆ ಹಾಕಿದಳು. ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ತಾನೂ ಕೂತಳು. ತಲೆ ಒರಗಿಸಿದಳು. ಕಲ್ಲು ತಣ್ಣಗಿತ್ತು, ಆಮೇಲೆ ನಿಧಾನವಾಗಿ ಬೆಚ್ಚಗಾಯಿತು. ತನ್ನ ತಲೆಯಿಂದಲೋ, ಒಳಗಿನಿಂದಲೋ ಅವಳಿಗೆ ತಿಳಿಯಲಿಲ್ಲ. ಅವಳು ಕಣ್ಣು ಮುಚ್ಚಲಿಲ್ಲ.

ಮೇಲೆ ಸಂಗೀತ ಯಾವಾಗ ಮುಗಿಯಿತೋ ಕೆಳಗೆ ಕೇಳಲಿಲ್ಲ. ಮೆಟ್ಟಿಲ ಮೇಲೆ ಶೂಗಳ ಸದ್ದು ಕೇಳಿತು. ನಿರ್ದೇಶಕರ ಮೆತ್ತಗಿನ ದನಿ, "ಇಲ್ಲಿಂದ ನಮ್ಮ ನಾಗರಿಕತೆಯ ದಾರಿ ಆರಂಭವಾಗುತ್ತದೆ" ಎನ್ನುತ್ತಿತ್ತು. ಬಾಗಿಲು ತೆರೆಯಿತು. ಒಳ್ಳೆಯ ಬಟ್ಟೆ ತೊಟ್ಟವರು ಒಳಗೆ ಬಂದು ನಿಂತರು. ಗೋಡೆಯುದ್ದಕ್ಕೂ ಜನ ಕೂತಿದ್ದರು. ಸುಣ್ಣದ ಪುಡಿ ಮೆತ್ತಿದ ಮುಖಗಳು, ಮಡಿಲಲ್ಲಿ ಕೈಗಳು. ಬಂದವರಲ್ಲಿ ಒಬ್ಬ ಹೆಂಗಸು ಬೊಂಬೆಗಳೆಂದುಕೊಂಡು, "ಎಷ್ಟು ಸಹಜವಾಗಿ ಮಾಡಿದ್ದಾರೆ" ಎಂದಳು. ಆಗ ಅವ್ವ ಕೆಮ್ಮಿದಳು. ಆ ಹೆಂಗಸು ಹಿಂದಕ್ಕೆ ಸರಿದಳು.

ತೆರೆದ ಕದದ ಹಿಂದೆ ಮಗು ಎದ್ದು ನಿಂತಿತು. ಸೀರೆಯಂಚಿನ ತುದಿಗೆ ಬಂದಾಗ ಎಳೆತ ಬರುತ್ತದೆಂದು ಅದರ ಮೈಗೆ ರೂಢಿಯಾಗಿತ್ತು. ಕದ ದಾಟಿ ಒಂದೆರಡು ಹೆಜ್ಜೆ ಇಟ್ಟು, ಎಳೆತಕ್ಕೆ ಕಾಯುತ್ತ ನಿಂತಿತು. ಎಳೆತ ಬರಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟು, ಮತ್ತೆ ನಿಂತು, ಹಿಂದೆ ತಿರುಗಿ ನೋಡಿತು. ಆಮೇಲೆ ಕೋಣೆಯ ನಡುವೆ, ಗಾಜಿನ ಪೆಟ್ಟಿಗೆಗಳ ಕಡೆಗೆ, ಕೈ ಚಾಚಿಕೊಂಡು ನಡೆಯಿತು.

"ಯಾರ ಮಗು ಇದು?" ನಿರ್ದೇಶಕರ ದನಿ ಮೊದಲ ಸಲ ಏರಿತು. "ಯಾರಾದ್ರೂ ಹಿಡಿದುಕೊಳ್ಳಿ ಅದನ್ನ."

ಗೋಡೆಯಿಂದ ಯಾರೂ ಏಳಲಿಲ್ಲ.